ಒಡೆದ ಮನಸ್ಸಿನ ಹಾಡಿಗೆ ಮಾರುತ್ತರ ಎಲ್ಲಿ?

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಣ ಅಮರಗೋಳಕ್ಕೆ ಎರಡು ಗುರುತುಗಳಿವೆ. ಒಂದು, ಚಾಲುಕ್ಯರ ಕಾಲದ ಶಂಕರಲಿಂಗ ಹಾಗೂ ಬನಶಂಕರಿ ದೇವಾಲಯಗಳು. ಇನ್ನೊಂದು, ಜಗಜ್ಯೋತಿ ಬಸವೇಶ್ವರರ ಹೆಸರು ಹೊತ್ತ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣ. ಉಳ್ಳಾಗಡ್ಡಿ, ಒಣಮೆಣಸಿನಕಾಯಿ, ಹತ್ತಿಗಳನ್ನು ಹೇರಿಕೊಂಡು ಸುತ್ತಣ ತಾಲ್ಲೂಕುಗಳಿಂದ ಟ್ರ್ಯಾಕ್ಟರು, ಲಾರಿಗಳು ಇಲ್ಲಿಗೆ ಬರುತ್ತವೆ. ಅವುಗಳೊಂದಿಗೆ ಮತ್ತೊಂದು ಸರಕೂ ಬರುತ್ತದೆ. ಅದನ್ನು ಯಾವ ದಲಾಲರೂ ಹರಾಜಿಗೆ ಹಚ್ಚುವುದಿಲ್ಲ, ಯಾವ ಕಾಟಾದಲ್ಲೂ ತೂಗುವುದಿಲ್ಲ. ಅದು ಚಾಲಕನ ಪಕ್ಕದ ಧ್ವನಿವರ್ಧಕದಿಂದ ಹೊರಡುವ ಹಾಡು. ಆ ಹಾಡುಗಳಲ್ಲಿ ಬಹುಪಾಲು ಕೈತಪ್ಪಿಹೋದ ಪ್ರೀತಿಯನ್ನು ಕುರಿತವು.

ನಗರದ ಓದುಗರು ಈ ಹಾಡುಗಳನ್ನು ಮದುವೆಯ ಮೆರವಣಿಗೆಗಳಲ್ಲಿ, ಬಸ್ಸಿನ ಪಕ್ಕದ ಆಸನದ ಮೊಬೈಲಿನಲ್ಲಿ ಕೇಳಿಯೇ ಇರುತ್ತಾರೆ. ಕಥೆ ಹೆಚ್ಚುಕಡಿಮೆ ಒಂದೇ. ಹಳ್ಳಿಯ ಹುಡುಗ, ಬಹುತೇಕ ಚಾಲಕ ಅಥವಾ ಕೂಲಿಯವನು. ಜಾತ್ರೆಯಲ್ಲೋ ಕಾಲೇಜಿನ ಹಾದಿಯಲ್ಲೋ ಕಂಡ ಹುಡುಗಿ. ಕೆಲಕಾಲದ ಒಲವು. ಬಳಿಕ ನೌಕರಿಯುಳ್ಳ ವರನೊಂದಿಗೆ ಆಕೆಯ ಮದುವೆ. ಉಳಿದದ್ದು ಹುಡುಗನ ಅಳಲು ಮತ್ತು ಆಕೆಯ ಮೇಲಿನ ಆರೋಪ. ಲಕ್ಷಗಟ್ಟಲೆ ಜನ ಕೇಳುವ ಈ ಹಾಡು ಎಲ್ಲಿಂದ ಬಂತು? ಅದು ಹೀಗೆ ಒಂದೇ ದನಿಯಲ್ಲಿ ಏಕೆ ಮಾತನಾಡುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ಉತ್ತರ ಕರ್ನಾಟಕದ ಹಾಡುಗಾರಿಕೆಯ ಸ್ವಭಾವವೇ ಬಿಚ್ಚಿಕೊಳ್ಳುತ್ತದೆ.

ಹೆಸರು ಜಾನಪದ, ಹಾಡು ಹೊಸದು

ಇಂದು ‘ಉತ್ತರ ಕರ್ನಾಟಕ ಜಾನಪದ’ ಎಂಬ ಹಣೆಪಟ್ಟಿಯಡಿ ಹರಿದಾಡುವ ಹಾಡುಗಳು ಶಾಸ್ತ್ರಾರ್ಥದಲ್ಲಿ ಜಾನಪದವಲ್ಲ. ಬರೆದವರಾರು, ಹಾಡಿದವರಾರು, ಧ್ವನಿಮುದ್ರಿಸಿದವರಾರು ಎಂಬುದು ತಿಳಿದಿರುತ್ತದೆ. ಕೀಬೋರ್ಡು, ಯಂತ್ರದ ತಾಳ, ಬದಲಿಸಿದ ಕಂಠಗಳು ಇವುಗಳಲ್ಲಿ ಸಹಜ. ಆದರೂ ಆ ಹೆಸರು ಪೂರ್ತಿ ಸುಳ್ಳಲ್ಲ. ಮಟ್ಟು ಹಳೆಯದು, ಭಾಷೆ ನೆಲದ್ದು, ಹಾಡು ಬಾಯಿಂದ ಬಾಯಿಗೆ ದಾಟುವ ಬಗೆಯೂ ಹಳೆಯದೇ.

ಮಟ್ಟು ಎಂದರೆ ಸಿದ್ಧವಾಗಿರುವ ರಾಗದ ಅಚ್ಚು. ಊರವರಿಗೆಲ್ಲ ಗೊತ್ತಿರುವ ಧಾಟಿಯೊಂದನ್ನು ಹಿಡಿದು ಅದಕ್ಕೆ ಹೊಸ ಮಾತನ್ನು ಕೂಡಿಸುವುದು ಲಾವಣಿಕಾರರಿಗೆ, ಭಜನಾ ಮಂಡಳಿಗಳಿಗೆ, ಸಣ್ಣಾಟದ ಕವಿಗಳಿಗೆ ಕಳವೆನಿಸಿರಲಿಲ್ಲ. ಅದೇ ಅವರ ಕಸುಬು. ಕೇಳುಗನಿಗೆ ಧಾಟಿ ಮೊದಲೇ ಪರಿಚಿತವಾದ್ದರಿಂದ ಅವನ ಗಮನವೆಲ್ಲ ಮಾತಿನ ಮೇಲೆ ನೆಲೆಸುತ್ತದೆ. ಇಂದಿನ ಗಾಯಕನೂ ಇದೇ ಉಪಾಯವನ್ನು ನೆಚ್ಚಿದ್ದಾನೆ. ಹೊಸ ಹಾಡು ಮೊದಲ ಸಲ ಕೇಳಿದಾಗಲೇ ಹಳೆಯದರಂತೆ ತೋರುವುದಕ್ಕೆ ಕಾರಣವಿದು.

ಬೀಸುಕಲ್ಲಿನ ಬಳಿಯ ದುಃಖ

ಈ ನಾಡಿನಲ್ಲಿ ಮುರಿದ ಮನಸ್ಸಿನ ಹಾಡು ಹಾಡಿದವರಲ್ಲಿ ಹೆಂಗಸರೇ ಹಿರಿಯರು. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಬಳಗ, ಬೀಸುವ ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ ಪ್ರಕಟವಾದವು. ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಅದೊಂದು ಮೈಲುಗಲ್ಲು.

ತ್ರಿಪದಿ ಮೂರು ಸಾಲಿನ ಪದ್ಯ. ಹನ್ನೊಂದು ಅಂಶಗಣಗಳು, ಅವುಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1300 ವರ್ಷಗಳ ಹಿಂದೆಯೇ ಕಾಣಿಸಿಕೊಂಡ ಈ ಛಂದಸ್ಸು ಬೀಸುಕಲ್ಲಿನ ತಿರುವಿಗೆ ಹೇಳಿ ಮಾಡಿಸಿದಂತಿದೆ. ಹಾಡುವಾಗ ಎರಡನೆಯ ಸಾಲಿನ ಮಾತು ಮರಳಿ ಬರುತ್ತದೆ. ಆ ಮರುಕಳಿಕೆಯಲ್ಲಿ ದುಃಖಕ್ಕೆ ಒಂದು ಉಸಿರಿನ ಬಿಡುವು ದೊರೆಯುತ್ತದೆ. ಗರತಿಯ ಅಳಲಿನ ಕಾರಣಗಳು ಹಲವು: ಬಿಟ್ಟು ಬಂದ ತವರು, ತೀರಿಹೋದ ತಾಯಿ, ಮಕ್ಕಳಿಲ್ಲದ ಬಾಳು, ಸವತಿಯ ಸಂಕಟ, ಪರಸತಿಯ ಮನೆಗೆ ಹೋಗುವ ಗಂಡ. ಆಕೆ ದೂರುತ್ತಾಳೆ, ಕುಟುಕುತ್ತಾಳೆ, ಕೆಲವೊಮ್ಮೆ ಗಂಡನನ್ನು ನಗೆಗೀಡು ಮಾಡುತ್ತಾಳೆ. ಕೇಳುಗರಲ್ಲಿ ಪಕ್ಕದಲ್ಲಿ ಕುಳಿತು ಬೀಸುತ್ತಿರುವ ನೆರೆಯವಳೇ ಮೊದಲಿಗಳು. ಅವಳೂ ಮುಂದಿನ ತ್ರಿಪದಿಯಿಂದ ಉತ್ತರ ಕೊಡಬಲ್ಲವಳು.

ಹಿಟ್ಟಿನ ಗಿರಣಿಗಳು ಊರೂರಿಗೆ ಬಂದ ಬಳಿಕ ಬೀಸುಕಲ್ಲು ಮೂಲೆ ಸೇರಿತು. ಅದರೊಂದಿಗೆ ಹೆಣ್ಣಿನ ಅಳಲಿಗಿದ್ದ ನಿತ್ಯದ ವೇದಿಕೆಯೂ ತೆರವಾಯಿತು. ತೆರವಾದ ಜಾಗವನ್ನು ಗಂಡಸಿನ ಹಾಡು ತುಂಬಿತು.

ವಾದಕ್ಕೆ ಪ್ರತಿವಾದ

ಗಂಡಸಿನ ಹಾಡು ಹಿಂದೆಯೂ ಇತ್ತು. ಆದರೆ ಅದು ಒಂಟಿಯಾಗಿರಲಿಲ್ಲ. ದಪ್ಪು, ತುಂತುಣಿ, ತಾಳಗಳೊಂದಿಗೆ ‘ಗೀಗೀ’ ಎಂಬ ಸೊಲ್ಲೆತ್ತಿ ಹಾಡುವ ಮೇಳಗಳು ಉತ್ತರ ಕರ್ನಾಟಕದಲ್ಲಿ ಎರಡು ಪಕ್ಷಗಳಾಗಿ ನಿಂತಿದ್ದವು. ಹರದೇಶಿಯವರದು ಪುರುಷ ಮೇಲೆಂಬ ವಾದ. ಶಿವನೇ ಅವರಿಗೆ ಆಸರೆ. ನಾಗೇಶಿಯವರದು ಹೆಣ್ಣು ಮೇಲೆಂಬ ವಾದ. ಶಕ್ತಿಯೇ ಅವರಿಗೆ ಮೂಲ. ಮಹಾರಾಷ್ಟ್ರದ ಗಡಿಯಾಚೆ ಇದಕ್ಕೆ ಕಲ್ಗಿ-ತುರಾ ಎಂಬ ಸೋದರ ಸಂಪ್ರದಾಯವೂ ಉಂಟು.

ಜಾತ್ರೆಯ ಇರುಳು ಈ ಎರಡು ಮೇಳಗಳು ಎದುರುಬದುರಾದರೆ ಸವಾಲು ಜವಾಬು ಬೆಳಗಿನವರೆಗೆ ನಡೆಯುತ್ತಿತ್ತು. ಒಬ್ಬರು ಹೆಣ್ಣಿನ ಚಂಚಲತೆಯನ್ನು ಕುರಿತು ಪದ ಕಟ್ಟಿದರೆ, ಇನ್ನೊಬ್ಬರು ಅದೇ ಧಾಟಿಯಲ್ಲಿ ಗಂಡಿನ ಕಪಟವನ್ನು ಬಯಲಿಗೆಳೆಯುತ್ತಿದ್ದರು. ಪುರಾಣದ ದೃಷ್ಟಾಂತಕ್ಕೆ ಪುರಾಣದಿಂದಲೇ ಮರುದೃಷ್ಟಾಂತ. ಕಾಲಕ್ರಮದಲ್ಲಿ ನಾಗೇಶಿ ಪಕ್ಷವನ್ನು ಹೆಣ್ಣುಮಕ್ಕಳ ಮೇಳಗಳೇ ಹಿಡಿದವು. ಗೆಲುವು ಯಾರದೆಂಬುದು ದೊಡ್ಡ ವಿಷಯವಾಗಿರಲಿಲ್ಲ. ಯಾವ ಆರೋಪವೂ ಉತ್ತರವಿಲ್ಲದೆ ಮನೆಗೆ ಹೋಗುತ್ತಿರಲಿಲ್ಲವೆಂಬುದು ಮುಖ್ಯ.

ಪ್ರೇಮದ ದುರಂತವನ್ನೇ ವಸ್ತುವಾಗಿಸಿಕೊಂಡ ಸಣ್ಣಾಟದಲ್ಲೂ ಇದೇ ನೀತಿ. ಬೈಲಹೊಂಗಲದಲ್ಲಿ ನಡೆದ ಘಟನೆಯನ್ನು ಆಧರಿಸಿ ಪತ್ತಾರ ಮಾಸ್ತರರು ಕಟ್ಟಿದರೆನ್ನಲಾದ ‘ಸಂಗ್ಯಾ ಬಾಳ್ಯಾ’ ಇದಕ್ಕೆ ನಿದರ್ಶನ. ಸಿರಿವಂತ ಸಂಗ್ಯಾ ಪರಪತ್ನಿ ಗಂಗಿಗೆ ಮನಸೋಲುತ್ತಾನೆ, ನೆಚ್ಚಿನ ಗೆಳೆಯ ಬಾಳ್ಯಾನೇ ದ್ರೋಹವೆಸಗುತ್ತಾನೆ, ಸಂಗ್ಯಾ ಕೊಲೆಯಾಗುತ್ತಾನೆ. ಅನಂತರದ ಕಾಲದಲ್ಲಿ ಚಂದ್ರಶೇಖರ ಕಂಬಾರರು ಈ ಆಟವನ್ನು ಆಧುನಿಕ ರಂಗಭೂಮಿಗೆ ಪರಿಚಯಿಸಿದರು. ಆಟದಲ್ಲಿ ತಪ್ಪು ಒಬ್ಬರ ತಲೆಗೆ ಕಟ್ಟಲಾದದ್ದಲ್ಲ. ಗಂಗಿಗೂ ತನ್ನ ಪದಗಳಿವೆ, ತನ್ನ ಹಿಂಜರಿಕೆ ಇದೆ, ತನ್ನ ಒಲವಿದೆ. ಪ್ರೇಕ್ಷಕ ಮೂರೂ ಕಡೆಯ ಅಹವಾಲು ಕೇಳಿ ಮನೆಗೆ ಮರಳುತ್ತಾನೆ.

ಗಂಡಸಿನ ಎದೆಯೊಡೆದ ದುಃಖವನ್ನು ಧಾರವಾಡದ ಆಡುಮಾತಿನಲ್ಲಿ ಹಾಡಾಗಿಸಿದವರಲ್ಲಿ ದ.ರಾ. ಬೇಂದ್ರೆಯವರನ್ನು ಮೀರಿಸಿದವರಿಲ್ಲ. ಮಗುವನ್ನು ಕಳೆದುಕೊಂಡ ತಂದೆ ಹೆಂಡತಿಯನ್ನು ಉದ್ದೇಶಿಸಿ ನುಡಿಯುವ ‘ನೀ ಹಿಂಗ ನೋಡಬ್ಯಾಡ ನನ್ನ’ ಕವಿತೆ ಪುಸ್ತಕದಿಂದ ಹೊರಬಂದು ನಾಡಿನ ಹಾಡಾಗಿದೆ. ಅದು ಪ್ರಣಯಭಂಗದ ಹಾಡಲ್ಲ ನಿಜ. ಆದರೆ ದುಃಖದಲ್ಲಿರುವ ಗಂಡಸು ಎದುರಿನ ಹೆಣ್ಣನ್ನು ದೂಷಿಸದೆ, ಆಕೆಯ ನೋಟವನ್ನು ಎದುರಿಸಲಾರದ ತನ್ನ ಅಸಹಾಯಕತೆಯನ್ನೇ ಹಾಡಾಗಿಸಬಹುದೆಂಬುದಕ್ಕೆ ಅದು ಸಾಕ್ಷಿ. ಆಕೆ ಒಂದು ಮಾತನ್ನೂ ಆಡದಿದ್ದರೂ ಹಾಡಿನ ತುಂಬ ಆಕೆಯೇ ಇದ್ದಾಳೆ.

ಅಮೆರಿಕದ ಒಂದು ಮಾರುತ್ತರ

ದೂರದ ನಾಡಿನ ಉದಾಹರಣೆಯೊಂದು ಇಲ್ಲಿ ನೆರವಿಗೆ ಬರುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ ಹುಟ್ಟಿ ‘ಕಂಟ್ರಿ’ ಎಂದು ಹೆಸರಾದ ಸಂಗೀತಕ್ಕೂ ನಮ್ಮ ಟ್ರ್ಯಾಕ್ಟರ್ ಹಾಡಿಗೂ ಸಾಮ್ಯಗಳು ಹಲವು. ಅಲ್ಲಿಯೂ ಲಾರಿ ಚಾಲಕರು, ಹೊಲದ ಕೂಲಿಗಳು, ಊರು ಬಿಟ್ಟು ಕಾರ್ಖಾನೆ ಸೇರಿದವರೇ ಕೇಳುಗರು. ಅಲ್ಲಿಯೂ ಮುರಿದ ಪ್ರೇಮವೇ ಮೆಚ್ಚಿನ ವಸ್ತು. ಅಲ್ಲಿಯೂ ಹಳೆಯ ಧಾಟಿಗೆ ಹೊಸ ಮಾತು ಕೂಡಿಸುವುದು ವಾಡಿಕೆ.

1952ರಲ್ಲಿ ಹ್ಯಾಂಕ್ ಥಾಂಪ್ಸನ್ ಹಾಡಿದ ‘ದಿ ವೈಲ್ಡ್ ಸೈಡ್ ಆಫ್ ಲೈಫ್’ ಅಲ್ಲಿನ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ 15 ವಾರ ಮೊದಲ ಸ್ಥಾನದಲ್ಲಿತ್ತು. ಮನೆ ತೊರೆದು ಪಾನಗೃಹಗಳ ಬಾಳಿಗೆ ಒಲಿದ ಹೆಣ್ಣನ್ನು ಕುರಿತ ಗಂಡಸಿನ ಅಳಲದು. ಅಂಥ ಹೆಣ್ಣುಗಳನ್ನು ದೇವರೇ ಸೃಷ್ಟಿಸಿದನೇನೋ ಎಂಬ ಆಕ್ಷೇಪವೂ ಅದರಲ್ಲಿತ್ತು. ಕೆಲವೇ ತಿಂಗಳಲ್ಲಿ ಉತ್ತರ ಬಂದಿತು. ಜೆ.ಡಿ. ಮಿಲ್ಲರ್ ರಚಿಸಿದ, ಕಿಟಿ ವೆಲ್ಸ್ ಎಂಬ ಗಾಯಕಿ ಹಾಡಿದ ‘ಇಟ್ ವಾಸಂಟ್ ಗಾಡ್ ಹೂ ಮೇಡ್ ಹಾಂಕಿ ಟಾಂಕ್ ಏಂಜಲ್ಸ್’ ಆ ಹಾಡಿನ ಧಾಟಿಯಲ್ಲೇ ಆ ಹಾಡಿಗೆ ಜವಾಬು ಕೊಟ್ಟಿತು. ತಪ್ಪು ದೇವರದಲ್ಲ, ಮದುವೆಯಾಗಿಯೂ ಒಂಟಿಗರಂತೆ ನಟಿಸುವ ಗಂಡಸರದು ಎಂಬುದು ಅದರ ತಾತ್ಪರ್ಯ. ಆ ಧಾಟಿಯೂ ಇಬ್ಬರ ಸ್ವಂತದ್ದಾಗಿರಲಿಲ್ಲ; ಕಾರ್ಟರ್ ಕುಟುಂಬದವರು 1929ರಲ್ಲೇ ಮುದ್ರಿಸಿದ್ದ ಹಳೆಯ ಮಟ್ಟು ಅದು.

ಎನ್‌ಬಿಸಿ ರೇಡಿಯೊ ಜಾಲ ಈ ಹಾಡನ್ನು ಪ್ರಸಾರ ಮಾಡಲೊಪ್ಪಲಿಲ್ಲ. ಹೆಸರಾಂತ ‘ಗ್ರ್ಯಾಂಡ್ ಓಲ್ ಆಪ್ರಿ’ ವೇದಿಕೆಯೂ ಮೊದಮೊದಲು ಅಡ್ಡಿ ಮಾಡಿತು. ಆದರೂ ಹಾಡು ಪಟ್ಟಿಯ ತುದಿಗೇರಿತು. ಒಂಟಿ ಗಾಯಕಿಯೊಬ್ಬಳ ಹಾಡು ಆ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಅದೇ ಪ್ರಥಮ. 32ರ ವಯಸ್ಸಿನ ಗೃಹಿಣಿ ಕಿಟಿ ವೆಲ್ಸ್ ಧ್ವನಿಮುದ್ರಣಕ್ಕೆ ಒಪ್ಪಿದ್ದು ಅದಕ್ಕೆ ದೊರೆಯುವ 125 ಡಾಲರಿನ ಸಂಭಾವನೆಗಾಗಿ. ಆದರೆ ಆ ಹಾಡು ತೆರೆದ ಬಾಗಿಲಿನಿಂದ ಲೊರೆಟಾ ಲಿನ್, ಡಾಲಿ ಪಾರ್ಟನ್ ಮೊದಲಾದ ಗಾಯಕಿಯರು ಒಳಬಂದರು. ಹೆಣ್ಣಿನ ಮಗ್ಗುಲಿನ ಕಥೆಗೂ ಮಾರುಕಟ್ಟೆ ಇದೆಯೆಂದು ಧ್ವನಿಮುದ್ರಣ ಕಂಪನಿಗಳು ಮನಗಂಡವು.

ಅಮೆರಿಕದಲ್ಲಿ ಒಂದು ಹಾಡು ದಿಟ್ಟತನದಿಂದ ಮಾಡಿದ ಈ ಕೆಲಸವನ್ನು ಹರದೇಶಿ-ನಾಗೇಶಿ ಮೇಳಗಳು ಬಹಳ ಹಿಂದಿನಿಂದ ವಾಡಿಕೆಯಾಗಿ ನಡೆಸಿಕೊಂಡು ಬಂದಿದ್ದವು. ಹಾಗಾದರೆ ಇಂದಿನ ಹಾಡಿನಲ್ಲಿ ಆ ವಾಡಿಕೆ ಏಕೆ ಕಾಣಿಸದು?

ಯಂತ್ರ ಬದಲಾದಂತೆ ಹಾಡು

ಉತ್ತರದ ಒಂದು ಪಾಲು ಯಂತ್ರಗಳ ಇತಿಹಾಸದಲ್ಲಿದೆ. ಮೇಳದ ಲಾವಣಿಗೆ ಕಾಲಮಿತಿ ಇರಲಿಲ್ಲ; ಇರುಳೆಲ್ಲ ನಡೆಯಬಹುದಿತ್ತು. 78 ಸುತ್ತಿನ ಗ್ರಾಮಾಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಅಷ್ಟರಲ್ಲಿ ವಾದವನ್ನು ಮುಗಿಸಬಹುದು, ಪ್ರತಿವಾದವನ್ನು ಸೇರಿಸಲಾಗದು. 1950ರ ಜನವರಿ 8ರಂದು ಆರಂಭಗೊಂಡ ಧಾರವಾಡ ಆಕಾಶವಾಣಿ ಗ್ರಾಮೀಣ ಕಾರ್ಯಕ್ರಮಗಳ ಮೂಲಕ ಜನಪದ ಗಾಯಕರಿಗೆ ದೊಡ್ಡ ಆಸರೆಯಾಯಿತು. ಆದರೆ ಅಲ್ಲಿಯೂ ಗಡಿಯಾರದ ಕಟ್ಟು ಇದ್ದೇ ಇತ್ತು.

1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟುಗಳು ಬಂದವು. ಒಂದೆರಡು ದೊಡ್ಡ ಕಂಪನಿಗಳ ಕೈಯಲ್ಲಿದ್ದ ಧ್ವನಿಮುದ್ರಣ ಸಣ್ಣ ಊರುಗಳಿಗೆ ಇಳಿಯಿತು. ಗುರುರಾಜ ಹೊಸಕೋಟೆಯವರಂಥ ಗಾಯಕರ ದನಿ ಉತ್ತರ ಕರ್ನಾಟಕದ ಮನೆಮನೆಗೆ ತಲುಪಿದ್ದು ಈ ಹಾದಿಯಲ್ಲೇ. ಕ್ಯಾಸೆಟ್ಟು ಹಾಡನ್ನು ಜಾತ್ರೆಯಿಂದ ಬಿಡಿಸಿ ವಾಹನದೊಳಗೆ ತಂದಿಟ್ಟಿತು. ಕೇಳುಗರ ಗುಂಪು ಚದುರಿ ಒಬ್ಬ ಚಾಲಕ ಉಳಿದ. ರಾತ್ರಿಯ ಹಾದಿಯಲ್ಲಿ ಒಂಟಿಯಾದವನಿಗೆ ಬೇಕಾದದ್ದು ವಾದವಲ್ಲ, ಸಮಾಧಾನ. ಅವನ ಪರವಾಗಿ ಅಳುವ ಹಾಡು ಹೆಚ್ಚು ಮಾರಾಟವಾಯಿತು.

ಅಂತರ್ಜಾಲ ಈ ಬೆಳವಣಿಗೆಗೆ ವೇಗ ಕೊಟ್ಟಿತು. 2018ರಲ್ಲಿ ತೆರೆಕಂಡ ‘ರ‍್ಯಾಂಬೋ 2’ ಚಿತ್ರದ ‘ಚುಟು ಚುಟು’ ಹಾಡು, ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್ ಅವರ ಕಂಠದಲ್ಲಿ, ಉತ್ತರ ಕರ್ನಾಟಕದ ನುಡಿಯನ್ನು ಬೆಂಗಳೂರಿನ ಚಿತ್ರೋದ್ಯಮದ ನಡುಮನೆಗೆ ಒಯ್ದಿತು. ಅದು ಗಂಡು ಹೆಣ್ಣುಗಳ ಸರಸದ ಸಂವಾದ. ಎರಡೂ ದನಿಗಳಿರುವ ಹಾಡು ಎಷ್ಟು ಜನಪ್ರಿಯವಾಗಬಲ್ಲುದೆಂಬುದನ್ನು ಅದು ತೋರಿಸಿಕೊಟ್ಟಿತು. ಆ ಬಳಿಕ ಮಾಳು ನಿಪನಾಳರಂಥ ಬೆಳಗಾವಿ ಸೀಮೆಯ ಗಾಯಕರು ಚಿತ್ರೋದ್ಯಮದ ಹಂಗಿಲ್ಲದೆ ಯೂಟ್ಯೂಬಿನಿಂದಲೇ ಮನೆಮಾತಾದರು. ಚಾಲಕನನ್ನೇ ನಾಯಕನಾಗಿಸಿದ ಅವರ ಹಾಡು ರಾಜ್ಯದುದ್ದಗಲಕ್ಕೂ ಕೇಳಿಬಂತು. 2025ರಲ್ಲಿ ಅವರು ಕನ್ನಡದ ‘ಬಿಗ್ ಬಾಸ್’ ಮನೆಯನ್ನೂ ಪ್ರವೇಶಿಸಿದರು. ಹಳ್ಳಿಯ ದನಿಗೆ ನೇರ ಮಾರುಕಟ್ಟೆ ದೊರೆತದ್ದು ಸಣ್ಣ ಸಾಧನೆಯಲ್ಲ.

ಆದರೆ ಮೊಬೈಲಿನ ಮಾರುಕಟ್ಟೆಗೆ ತನ್ನದೇ ಕರಾರುಗಳಿವೆ. ಅರ್ಧ ನಿಮಿಷದ ತುಣುಕಿನಲ್ಲಿ ಹಿಡಿಯಬಲ್ಲ ಮಾತು ಬೇಕು. ಆ ಅವಧಿಗೆ ಹೊಂದುವುದು ಕಥೆಯಲ್ಲ, ಬೈಗುಳ ಅಥವಾ ಬಿಕ್ಕು. ಇದಲ್ಲದೆ, ಒಂದು ಬಗೆಯ ಹಾಡನ್ನು ಕೇಳಿದವನಿಗೆ ಅದೇ ಬಗೆಯ ಮತ್ತೊಂದನ್ನು ಒಡ್ಡುವುದು ಅಲ್ಲಿನ ವ್ಯವಸ್ಥೆಯ ಕ್ರಮ. ಜಾತ್ರೆಯಲ್ಲಿ ಹರದೇಶಿಯ ಬಳಿಕ ನಾಗೇಶಿ ಬರುತ್ತಿದ್ದಳು. ಮೊಬೈಲಿನಲ್ಲಿ ಹರದೇಶಿಯ ಬಳಿಕ ಇನ್ನೊಬ್ಬ ಹರದೇಶಿಯೇ ಬರುತ್ತಾನೆ.

ಪಣಕ್ಕಿರುವುದೇನು?

ಹಾಡು ಹಾಡಷ್ಟೇ, ಅದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೆ ಎಂದು ಯಾರಾದರೂ ಕೇಳಬಹುದು. ಅವಳಿ ನಗರದ ಇತ್ತೀಚಿನ ನೆನಪುಗಳು ಅಷ್ಟು ಹಗುರವಾಗಿಲ್ಲ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ತಿಂಗಳು ತುಂಬುವುದರೊಳಗೆ, ಮೇ 15ರ ಬೆಳಗಿನ ಜಾವ, ಇನ್ನೊಬ್ಬ ಯುವತಿ ತನ್ನ ಮನೆಯಲ್ಲೇ ಹತಳಾದಳು. ಯುವತಿಯರು ನಿರಾಕರಿಸಿದ್ದೇ ಕೃತ್ಯಕ್ಕೆ ಕಾರಣವೆಂಬ ಆರೋಪ ಎರಡೂ ಪ್ರಕರಣಗಳಲ್ಲಿ ಕೇಳಿಬಂತು. ನಗರ ಬೀದಿಗಿಳಿಯಿತು, ಪ್ರಕರಣಗಳು ಸಿಐಡಿ ಕೈ ಸೇರಿದವು.

ಈ ಕೃತ್ಯಗಳಿಗೆ ಯಾವುದೋ ಹಾಡನ್ನು ಹೊಣೆಯಾಗಿಸುವುದು ಅನ್ಯಾಯ. ಹಾಡು ಕೇಳಿದ ಅಸಂಖ್ಯ ತರುಣರು ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಅಳುವಿಗೆ ಮಾತು ಸಿಕ್ಕವನ ಎದೆಯ ಭಾರ ಇಳಿಯುವುದೇ ಹೆಚ್ಚು. ಗಂಡಸು ಬಹಿರಂಗವಾಗಿ ಅಳಬಾರದೆಂಬ ಕಟ್ಟಳೆಯ ಸಮಾಜದಲ್ಲಿ ಈ ಹಾಡುಗಳು ಅವನಿಗೆ ಅಳುವ ಅನುಮತಿ ಕೊಟ್ಟಿವೆ. ಜಮೀನು ಕಿರಿದಾಗಿ, ನೌಕರಿ ಇಲ್ಲದೆ, ಕೃಷಿಕನಿಗೆ ಹೆಣ್ಣು ಸಿಗುತ್ತಿಲ್ಲವೆಂಬ ಕೊರಗು ಹಳ್ಳಿಗಳಲ್ಲಿ ವ್ಯಾಪಕವಾಗಿರುವಾಗ, ನೌಕರಿಯುಳ್ಳ ವರನಿಗೆ ಸೋತ ಚಾಲಕನ ಹಾಡು ಪ್ರೇಮದ ಹಾಡು ಮಾತ್ರವಲ್ಲ, ಬದುಕಿನ ಲೆಕ್ಕಾಚಾರದ ಹಾಡೂ ಹೌದು. ಅದನ್ನು ಅಭಿರುಚಿಯ ಹೆಸರಿನಲ್ಲಿ ತಳ್ಳಿಹಾಕುವುದು ಆ ಕೊರಗನ್ನೇ ತಳ್ಳಿಹಾಕಿದಂತೆ.

ಆದರೆ ಅದೇ ಹಾಡಿನಲ್ಲಿ ಹುಡುಗಿಯ ‘ಒಲ್ಲೆ’ ಎಂಬ ಮಾತು ಯಾವಾಗಲೂ ಮೋಸವೆಂದೇ ಹೆಸರು ಪಡೆಯುತ್ತದೆ. ಆಕೆಗೆ ಮನಸ್ಸಿರಲಿಲ್ಲವೆ? ಮದುವೆಯ ನಿರ್ಧಾರ ಆಕೆಯ ಕೈಯಲ್ಲಿತ್ತೆ? ಓದು ಮುಂದುವರಿಸುವ ಆಸೆ ಇತ್ತೆ? ಹಾಡು ಕೇಳುವುದಿಲ್ಲ. ನೂರು ಹಾಡುಗಳು ಒಂದಾದಮೇಲೊಂದರಂತೆ ಕೇಳದೇ ಹೋದಾಗ, ನಿರಾಕರಣೆ ಎಂಬುದು ಒಬ್ಬರ ಹಕ್ಕೆನ್ನುವ ತಿಳಿವಳಿಕೆ ಸವೆಯುತ್ತದೆ. ಪಣಕ್ಕಿರುವುದು ಇದೇ.

ಮಟ್ಟು ಇದೆ, ಮಾತು ಬೇಕು

ನಿಷೇಧ ಇದಕ್ಕೆ ಮದ್ದಲ್ಲ. ಕಿಟಿ ವೆಲ್ಸ್‌ಳ ಉತ್ತರವನ್ನು ತಡೆಯಲು ಹೊರಟವರು ರೇಡಿಯೊದ ಅಧಿಕಾರಿಗಳಾಗಿದ್ದರೆಂಬುದನ್ನು ಮರೆಯಲಾಗದು. ತಡೆಯುವ ಅಧಿಕಾರ ಸಾಮಾನ್ಯವಾಗಿ ದುರ್ಬಲ ದನಿಯ ಮೇಲೆಯೇ ಮೊದಲು ಬೀಳುತ್ತದೆ. ಉತ್ತರ ಕರ್ನಾಟಕಕ್ಕೆ ಹೊರಗಿನಿಂದ ಪಾಠ ತರಬೇಕಾದ ಅಗತ್ಯವೂ ಇಲ್ಲ. ಸವಾಲಿಗೆ ಜವಾಬು ಕಟ್ಟುವ ವಿದ್ಯೆ ಇಲ್ಲಿಯದೇ. ಹರದೇಶಿ-ನಾಗೇಶಿ ಹಾಡಬಲ್ಲ ಮೇಳಗಳು ಇಂದಿಗೂ ಇವೆ. ಅಂಥವರನ್ನು ಗುರುತಿಸಲು ಕರ್ನಾಟಕ ಜಾನಪದ ಅಕಾಡೆಮಿ ಇದೆ. ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗಿದರೆ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವಿದೆ.

ಆದರೆ ಪ್ರಶಸ್ತಿ ಫಲಕವೂ ಸಂಶೋಧನ ಪ್ರಬಂಧವೂ ಹಾಡನ್ನು ಟ್ರ್ಯಾಕ್ಟರಿನವರೆಗೆ ತಲುಪಿಸಲಾರವು. ಅದನ್ನು ತಲುಪಿಸುವವರು ಹಾಡುಗಾರರೇ. ಇಂದು ಸಣ್ಣ ಊರಿನ ಧ್ವನಿಮುದ್ರಣ ಕೋಣೆಯಲ್ಲಿ ಹಾಡು ಸಿದ್ಧಪಡಿಸುವುದಕ್ಕೆ ಯಾವ ದೊಡ್ಡ ಕಂಪನಿಯ ಒಪ್ಪಿಗೆಯೂ ಬೇಕಿಲ್ಲ. ಹೆಣ್ಣುದನಿಯ ಗಾಯಕಿಯರು ಈ ಕ್ಷೇತ್ರದಲ್ಲಿ ಇಲ್ಲದೆ ಇಲ್ಲ. ಆದರೆ ಅವರಿಗೆ ಬಹುವಾಗಿ ದೊರೆಯುವುದು ಗಂಡಸು ಬರೆದ ಮಾತು, ಗಂಡಸಿನ ಹಾಡಿನಲ್ಲಿ ಒಂದೆರಡು ಸಾಲಿನ ಪಾಲು. ಅವರೇ ಮಾತು ಕಟ್ಟುವಂತಾದರೆ, ಅದೇ ಮಟ್ಟಿನಲ್ಲಿ, ಅದೇ ಧಾರವಾಡ-ಬೆಳಗಾವಿಯ ನುಡಿಯಲ್ಲಿ, ಬಿಟ್ಟುಹೋದವಳ ಕಥೆಯೂ ಕೇಳಿಬರಬಹುದು. ಕೇಳುಗರು ಅದಕ್ಕೆ ಕಿವಿಗೊಡರೆಂದು ಭಾವಿಸಲು ಕಾರಣವಿಲ್ಲ. ಬೆಳಗಾಗುವವರೆಗೆ ಎದ್ದು ಕುಳಿತು ಎರಡೂ ಪಕ್ಷದ ಪದ ಕೇಳುತ್ತಿದ್ದವರು ಇದೇ ಕೇಳುಗರ ಅಜ್ಜ ಅಜ್ಜಿಯರು.